ಒಂದು ಶ್ರುತಿ, ಒಂದು ತಾಳ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿರುವ ತಾಯಂದಿರು ಇದ್ದೀರಿ. ಸಂಜೆ ಭಜನೆಗೆ ಹೊರಡುವ ಹಿರಿಯರು ಇದ್ದೀರಿ. ಆದರೆ ನಾನು ಮಾತಾಡುವಾಗ ಕಣ್ಣ ಮುಂದೆ ಇಟ್ಟುಕೊಂಡಿರುವುದು ಒಬ್ಬ ಹಳ್ಳಿ ಶಾಲೆಯ ಟೀಚರನ್ನು. ಅವರು ಸಂಗೀತ ಕಲಿತವರಲ್ಲ. ಆದರೂ ಬೆಳಗಿನ ಪ್ರಾರ್ಥನೆ, ಆಗಸ್ಟ್ 15ರ ಹಾಡು, ಪ್ರತಿಭಾ ಕಾರಂಜಿ, ಎಲ್ಲ ಅವರ ತಲೆ ಮೇಲೇ. ಊರಿನವರು ಒಂದಿಷ್ಟು ದುಡ್ಡು ಕೂಡಿಸಿ ಕೊಟ್ಟಿರುತ್ತಾರೆ. ಅದನ್ನು ಹಿಡಿದುಕೊಂಡು ಅವರು ನನ್ನನ್ನು ಕೇಳುತ್ತಾರೆ: ‘ಮಿಸ್, ಮಕ್ಕಳ ಹಾಡಿಗೆ ಯಾವ ವಾದ್ಯ ತಗೊಳ್ಳಲಿ?’

ನನ್ನ ಉತ್ತರ ಇಷ್ಟೇ. ಒಂದು ಶ್ರುತಿ, ಒಂದು ತಾಳ. ಮೂವತ್ತು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ಮೇಲೆ ಹೇಳುತ್ತಿದ್ದೇನೆ, ಇದಕ್ಕಿಂತ ಜಾಸ್ತಿ ಬೇಡ. ಹಾಡುವವರು ಮಕ್ಕಳು. ಅವರ ದನಿ ಕೇಳಿಸಬೇಕು. ಹಿಂದೆ ಒಂದೇ ಸಮನೆ ನುಡಿಯುತ್ತಿರುವ ಶ್ರುತಿ ಆ ದನಿ ಜಾರದಂತೆ ಹಿಡಿಯುತ್ತದೆ, ತಾಳ ಆ ದನಿ ಓಡದಂತೆ ಹಿಡಿಯುತ್ತದೆ. ಮಿಕ್ಕ ವಾದ್ಯಗಳೆಲ್ಲ ಆಮೇಲಿನ ಮಾತು.

ಹೀಗೆ ಹೇಳಿದರೆ ಎಷ್ಟೋ ಜನರ ಮುಖ ಸಣ್ಣದಾಗುತ್ತದೆ. ‘ಕೀಬೋರ್ಡ್ ಬೇಡ್ವಾ ಮಿಸ್?’ ಅನ್ನುತ್ತಾರೆ. ಬೇಡ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಗಾದೆ ಬೇರೆ ಕಡೆ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ಯಾಕೆ ಅಂತ ಒಂದು ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಇದನ್ನು ಕೇಳಿದರೆ ನನ್ನ ಮಾತು ನಿಮಗೆ ಪೂರ್ತಿ ಅರ್ಥವಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ಒಂದು ಶಾಲೆ. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡಿಕೊಡಿ ಅಂತ ನನ್ನನ್ನು ಕರೆದಿದ್ದರು. ಹಳೇ ವಿದ್ಯಾರ್ಥಿಗಳು ಸೇರಿ 18 ಸಾವಿರ ರೂಪಾಯಿ ಕೊಟ್ಟು ಕೀಬೋರ್ಡ್ ತಂದುಕೊಟ್ಟಿದ್ದರು. ಪ್ರೀತಿಯಿಂದ ಕೊಟ್ಟದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಆ ಕೀಬೋರ್ಡ್ ಇದ್ದದ್ದು ಬೀರುವಿನಲ್ಲಿ. ಬೀರುವಿನ ಕೀಲಿ ಹೆಡ್ಮಾಸ್ಟರ ಹತ್ತಿರ. ಅವರು ಮೀಟಿಂಗಿಗೆ ಹೋದ ದಿನ ಹಾಡೂ ಇಲ್ಲ, ಪಾಡೂ ಇಲ್ಲ. ತೆಗೆದ ದಿನ ಕರೆಂಟ್ ಇಲ್ಲ. ಕರೆಂಟ್ ಇದ್ದ ದಿನ ಏನಾಯ್ತು ಅಂದರೆ, ಸ್ಪೀಕರ್ ಜೋರಾಗಿ ಕೂಗಿತು, ಅದನ್ನು ಮೀರಿಸಲು 26 ಮಕ್ಕಳು ಇನ್ನೂ ಜೋರಾಗಿ ಕೂಗಿದರು. ಕತ್ತಿನ ನರ ಉಬ್ಬಿ ಬಂದಿತ್ತು. ಸಾಲದ್ದಕ್ಕೆ ಕೀಬೋರ್ಡ್ ನುಡಿಸುತ್ತಿದ್ದ ಅಲ್ಲಿಯ ಟೀಚರ್ ತಲೆ ಬಗ್ಗಿಸಿ, ಒತ್ತಬೇಕಾದ ಮನೆ ಯಾವುದು ಅಂತ ಹುಡುಕುತ್ತಿದ್ದರು. ಹಿಂದಿನ ಸಾಲಿನ ಮೂವರು ಬಾಯಿ ಸುಮ್ನೆ ಆಡಿಸುತ್ತಿದ್ದಾರೆ ಅನ್ನುವುದು ಅವರಿಗೆ ಕಾಣಲೇ ಇಲ್ಲ.

ಎರಡನೇ ದಿನ ನಾನು ಕೀಬೋರ್ಡನ್ನು ಮುಚ್ಚಿಸಿದೆ. ‘ನಿಮ್ಮ ಮನೆಗಳಲ್ಲಿ ಹಾಡೋರು ಯಾರಾದರೂ ಇದ್ದಾರಾ?’ ಅಂತ ಮಕ್ಕಳನ್ನು ಕೇಳಿದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. ‘ನಮ್ ತಾತ ತಂಬೂರಿ ನುಡಿಸ್ತದೆ ಮಿಸ್’ ಅಂದ. ನೀಲಗಾರರ ಮನೆತನ. ಮಂಟೇಸ್ವಾಮಿಯ ಕಥೆಯನ್ನು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವವರು. ಮಂಟೇಸ್ವಾಮಿ ಮಠ ಇರುವ ಬೊಪ್ಪೇಗೌಡನಪುರ ಅದೇ ತಾಲ್ಲೂಕಿನಲ್ಲಿದೆ ನೋಡಿ. ಊರಲ್ಲೇ ಇಂಥ ವಾದ್ಯ ಇಟ್ಟುಕೊಂಡು ಶಾಲೆಯವರು ಮೈಸೂರಿನ ಅಂಗಡಿ ಸುತ್ತಿ ಬಂದಿದ್ದರು!

ಮಾರನೇ ದಿನ ತಾತ ಬಂದರು. ಹೆಗಲ ಮೇಲೆ ತಂಬೂರಿ, ಹಳೇ ಪಂಚೆಯಲ್ಲಿ ಸುತ್ತಿದ್ದು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ತಂಬೂರಿಗೆ ಕೈ ಮುಗಿದು ಕೂತರು. ಒಂದು ಸಾರಿ ಮೀಟಿದರು. ಮಕ್ಕಳು ಹಾಡಿದರು. ಆಗಲಿಲ್ಲ. ತಾತನ ಶ್ರುತಿ ತಗ್ಗು. ಮಕ್ಕಳ ದನಿ ಹಾಡಿನ ಕೆಳಗಿನ ಸ್ವರದಲ್ಲಿ ಬತ್ತಿ ಹೋಗುತ್ತಿತ್ತು. ನಾನು ಹೇಳುವ ಮೊದಲೇ ತಾತ ನಕ್ಕರು. ‘ನಂದು ದಪ್ಪ ಗಂಟ್ಲು ಕಣವ್ವ, ಮಕ್ಕಳದು ಸಣ್ಣ ಗಂಟ್ಲು. ನನ್ ಶ್ರುತಿ ಅವಕ್ಕೆ ಎಂಗಾದದು? ಏರಿಸ್ತೀನಿ ಇರು’ ಅಂದರು.

ಬಿರಡೆ ತಿರುಗಿಸಿದರು. ಮೀಟಿದರು, ತಿರುಗಿಸಿದರು, ಮೀಟಿದರು. ಟಣ್ ಅಂತ ತಂತಿ ಕಿತ್ತುಹೋಯಿತು. ಮಕ್ಕಳು ‘ಅಯ್ಯೋ’ ಅಂದರು. ತಾತ ಏನೂ ಅನ್ನಲಿಲ್ಲ, ಮೊಮ್ಮಗನನ್ನು ಸೈಕಲ್ ಶಾಪಿಗೆ ಓಡಿಸಿದರು. ಅವನು ತಂದದ್ದು ಹಳೇ ಬ್ರೇಕ್ ವೈರು. ತಾತ ಅದರ ತುದಿ ಬಿಚ್ಚಿ, ಹುರಿಯಿಂದ ಒಂದೇ ಒಂದು ಎಳೆ ಎಳೆದುಕೊಂಡರು. ಬಿರಡೆಗೆ ಸುತ್ತಿ, ತಂತಿಗೆ ಆಸರೆಯಾಗಿರುವ ಕುದುರೆಯ ಮೇಲೆ ಹಾಯಿಸಿದರು. ತಂತಿಯ ಕೆಳಗೆ ಒಂದು ಎಳೆ ಹತ್ತಿ ದಾರ ತೂರಿಸಿ, ಅದನ್ನು ಉಗುರಿನಲ್ಲಿ ಅಷ್ಟಷ್ಟೇ ಆಚೆ ಈಚೆ ಸರಿಸಿದರು. ಒಂದು ಜಾಗಕ್ಕೆ ಬಂದಾಗ ತಂತಿ ಜೇನುಹುಳುವಿನ ಹಾಗೆ ಝುಂಯ್ ಅಂದಿತು. ‘ಈಗ ಯೋಳ್ಸವ್ವ’ ಅಂದರು.

ಆ ತಂಬೂರಿಯ ದನಿ ತುಂಬಾ ಸಣ್ಣದು. ಮಕ್ಕಳು ಕೂಗಿದರೆ ಕೇಳಿಸುವುದೇ ಇಲ್ಲ. ಹಾಗಾಗಿ ಅವರೇ ದನಿ ತಗ್ಗಿಸಿದರು. ಯಾರೂ ಹೇಳಿಕೊಡಲಿಲ್ಲ. ಕಿವಿ ಕೊಟ್ಟು ಹಾಡಿದರು. ಮೊದಲ ಸಾಲು ಮುಗಿಯುವ ಹೊತ್ತಿಗೆ 26 ದನಿ ಒಂದೇ ದನಿ ಆಗಿತ್ತು. ಬಾಯಿ ಆಡಿಸುತ್ತಿದ್ದ ಆ ಮೂವರೂ ಹಾಡುತ್ತಿದ್ದರು. ಆ ಟೀಚರ್ ಕಣ್ಣು ಒರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು.

ಬಹುಮಾನ ಬಂತಾ ಅಂತ ಕೇಳುತ್ತೀರಿ. ಎರಡನೆಯದು ಬಂತು. ಆ ವರ್ಷದಿಂದ ಆ ಶಾಲೆಯ ಪ್ರಾರ್ಥನೆಗೆ ಕೀಬೋರ್ಡ್ ಬರಲಿಲ್ಲ. ನನಗೆ ಮುಖ್ಯವಾದದ್ದು ಅದು.

ಅಯ್ಯೋ, ಅರ್ಧ ಸಮಯ ಇಲ್ಲೇ ಆಯಿತು. ಇರಲಿ. ಎಲ್ಲ ಊರಲ್ಲೂ ತಂಬೂರಿ ತಾತ ಸಿಗುವುದಿಲ್ಲ, ನನಗೆ ಗೊತ್ತು. ಹಾಗಾದರೆ ಶ್ರುತಿಗೆ ಏನು ಮಾಡುವುದು? ಶ್ರುತಿಪೆಟ್ಟಿಗೆ ಕೊಳ್ಳಲು ಆದರೆ ಕೊಳ್ಳಿ. ಆಗದಿದ್ದರೆ ನಿಮ್ಮ ಫೋನಿನಲ್ಲೇ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿ, ಫೋನನ್ನು ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ. ದನಿ ಬೇಕಾದಷ್ಟು ದೊಡ್ಡದಾಗುತ್ತದೆ. ಹಾಡಿನ ಮಧ್ಯೆ ಕರೆ ಬಂದರೆ ಶ್ರುತಿ ನಿಂತುಹೋಗುತ್ತದೆ, ಅದಕ್ಕೆ ಮೊದಲೇ ಏರೋಪ್ಲೇನ್ ಮೋಡಿಗೆ ಹಾಕಿ.

ಎಷ್ಟು ಮನೆ ಶ್ರುತಿ ಇಡಬೇಕು? ಮನೆ ಅಂದರೆ ಶ್ರುತಿ ಎಷ್ಟು ಎತ್ತರ ಅನ್ನುವ ಅಳತೆ. ನಿಮ್ಮ ಗಂಟಲಿಗೆ ಹೊಂದುವ ಶ್ರುತಿ ಇಡಬೇಡಿ. ಮಕ್ಕಳಿಗೆ ಹೊಂದುವುದನ್ನು ಇಡಿ. ಹಾಡಿನಲ್ಲಿ ತೀರ ಕೆಳಗೆ ಇಳಿಯುವ ಜಾಗ ಒಂದಿರುತ್ತದಲ್ವಾ, ಅದನ್ನು ಮಕ್ಕಳ ಕೈಲಿ ಹಾಡಿಸಿ. ದನಿ ಸತ್ತುಹೋದರೆ ಅರ್ಧ ಮನೆ ಏರಿಸಿ. ತೀರ ಮೇಲೆ ಹೋಗುವ ಜಾಗ ಹಾಡಿಸಿ. ಹುಬ್ಬು ಗಂಟು ಹಾಕಿ ಕತ್ತು ಚಾಚಿದರೆ ಅರ್ಧ ಮನೆ ಇಳಿಸಿ. ಎರಡೂ ಸಲೀಸಾಗಿ ಬಂದ ಕಡೆ ನಿಲ್ಲಿಸಿ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಈ ಹಾಡು ಇಷ್ಟು ಮನೆ ಅಂತ. ಆಮೇಲೆ ದಿನಾ ಅದೇ. ಒಂದು ಶ್ರುತಿ.

ಇನ್ನು ತಾಳ. ನಾನು ಒಂದು ಜೊತೆ ಕೈತಾಳ ತಂದಿದ್ದೇನೆ. ಕೇಳಿ.

[ತಾಳದ ದನಿ]

ಇದು ಕಂಚು. ತಾಮ್ರ, ತವರ ಸೇರಿಸಿ ಮಾಡಿದ್ದು. ಮೈಸೂರಿನ ದೇವರಾಜ ಮಾರುಕಟ್ಟೆಯ ಕಡೆ ಹೋದಾಗಲೋ, ಮಂಡ್ಯದ ಪೇಟೆಬೀದಿಗೆ ಹೋದಾಗಲೋ ಗ್ರಂಥಿಗೆ ಅಂಗಡಿ, ಪಾತ್ರೆ ಅಂಗಡಿಗಳಲ್ಲಿ ಕೇಳಿ. ಕೊಳ್ಳುವಾಗ ಅಂಗೈಯಲ್ಲಿ ಹಿಡಿದು ನೋಡಬೇಡಿ. ಒಂದನ್ನು ದಾರದಲ್ಲಿ ಇಳಿಬಿಡಿ. ಇನ್ನೊಂದರ ಅಂಚಿನಿಂದ ಅದರ ಅಂಚಿಗೆ ಮೆಲ್ಲಗೆ ತಾಕಿಸಿ. ಹೀಗೆ.

[ತಾಳದ ದನಿ, ಉದ್ದಕ್ಕೆ]

ದನಿ ಎಷ್ಟು ಹೊತ್ತು ನಿಂತಿತು ನೋಡಿದಿರಾ? ಬಿರುಕು ಬಿಟ್ಟ ತಾಳ ಆದರೆ ‘ಕ್ಲಕ್’ ಅಂತ ಅಲ್ಲೇ ಸಾಯುತ್ತದೆ. ಅಂಗಡಿಯವರು ಅವಸರ ಮಾಡಿದರೂ ನಾಲ್ಕೈದು ಜೊತೆ ತಾಕಿಸಿ ನೋಡಿ, ಸಂಕೋಚ ಬೇಡ. ಅಂಗೈಯಲ್ಲಿ ಬಿಗಿ ಹಿಡಿದರೆ ಇದೇ ತಾಳ ‘ಟಕ್’ ಅನ್ನುತ್ತದೆ, ಸಡಿಲ ಬಿಟ್ಟರೆ ‘ಟಿಣ್’. ಆದಿತಾಳಕ್ಕೆ 8 ಎಣಿಕೆ. ಮೊದಲನೇ ಪೆಟ್ಟಿಗೆ ಟಿಣ್, ಮಿಕ್ಕ ಪೆಟ್ಟಿಗೆ ಟಕ್. ಅಷ್ಟು ಗೊತ್ತಾದರೆ ಹಾಡು ಎಲ್ಲಿದೆ ಅಂತ ಮಕ್ಕಳಿಗೆ ತಿಳಿಯುತ್ತದೆ.

ದಯವಿಟ್ಟು ಇದನ್ನು ಕೇಳಿ: ಮೂವತ್ತು ಮಕ್ಕಳಿಗೆ ಒಂದೇ ಜೊತೆ ತಾಳ. ಎಲ್ಲರ ಕೈಗೂ ತಾಳ ಕೊಟ್ಟರೆ ಹಾಡು ಮುಳುಗಿಹೋಗುತ್ತದೆ. ಮಿಕ್ಕವರು ಎರಡೇ ಬೆರಳಿನಲ್ಲಿ ಅಂಗೈ ತಟ್ಟಲಿ. ಹತ್ತೂ ಬೆರಳು ಸೇರಿಸಿ ಚಪ್ಪಾಳೆ ಹೊಡೆದರೆ ಗದ್ದಲ, ಎರಡು ಬೆರಳಲ್ಲಿ ತಟ್ಟಿದರೆ ಮಳೆ ಹನಿ ಬಿದ್ದ ಹಾಗೆ. ತಾಳ ಹಿಡಿಯುವ ಮಗುವನ್ನು ವಾರಕ್ಕೊಮ್ಮೆ ಬದಲಿಸಿ. ಹಾಡಲು ನಾಚುವ ಮಗುವಿಗೆ ಮೊದಲ ವಾರ ಕೊಡಿ.

ತಾಳ ಯಾಕೆ ಅಷ್ಟು ಬೇಕು? ಮಕ್ಕಳು ಓಡುತ್ತಾರೆ. ರಾಷ್ಟ್ರಗೀತೆಗೆ 52 ಸೆಕೆಂಡ್. ನಾಡಗೀತೆಗೆ 2022ರಲ್ಲಿ ಸರ್ಕಾರ ಗೊತ್ತುಮಾಡಿದ್ದು 2 ನಿಮಿಷ 30 ಸೆಕೆಂಡ್. ನಾಳೆ ಬೆಳಿಗ್ಗೆ ನಿಮ್ಮ ಶಾಲೆಯಲ್ಲಿ ಗಡಿಯಾರ ಹಿಡಿದು ನೋಡಿ, ಎಷ್ಟಕ್ಕೆ ಮುಗಿಯುತ್ತದೆ ಅಂತ. ಅಭ್ಯಾಸ ಮಾಡಿಸುವಾಗ ಎರಡು ಬೆರಳಿನ ತಾಳ ಹಾಕಿಸಿ, ಒಂದೇ ವಾರದಲ್ಲಿ ಓಟ ನಿಲ್ಲುತ್ತದೆ.

ಹಾರ್ಮೋನಿಯಂ ಬಗ್ಗೆ ಒಂದು ಮಾತು.  1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನೇ ಬೇಡ ಅಂತ ನಿಲ್ಲಿಸಿತ್ತು. ಅದು ಸಡಿಲವಾಗಿದ್ದು 1971ರಲ್ಲಿ. ಸ್ವರವನ್ನು ಬಳುಕಿಸುವ ನಮ್ಮ ಸಂಗೀತದ ಗಮಕ ಅದರಲ್ಲಿ ಬರುವುದಿಲ್ಲ, ಸ್ವರಗಳು ಮೆಟ್ಟಿಲಿನ ಹಾಗೆ ಬಿಡಿಬಿಡಿ ಅನ್ನುವುದು ಆಗಿನವರ ದೂರು. ನಾನು ಅಷ್ಟು ದೂರ ಹೋಗುವುದಿಲ್ಲ. ಶಾಲೆಯಲ್ಲಿ ಈಗಾಗಲೇ ಇದ್ದರೆ ಷಡ್ಜ, ಪಂಚಮ, ಅಂದರೆ ‘ಸ’ ಮತ್ತು ‘ಪ’, ಎರಡನ್ನೇ ಒತ್ತಿ ಹಿಡಿದು ಶ್ರುತಿ ಮಾಡಿಕೊಳ್ಳಿ. ಹಾಡನ್ನು ನುಡಿಸಬೇಡಿ. ನೀವು ನುಡಿಸಿದರೆ ಮಕ್ಕಳು ಅದಕ್ಕೆ ಒರಗಿಬಿಡುತ್ತಾರೆ, ತೆಗೆದ ದಿನ ಬೀಳುತ್ತಾರೆ.

ಕೊಳಲು ಕೇಳುತ್ತಾರೆ. ಜಾತ್ರೆಯಲ್ಲಿ ಕೊಂಡ ಹತ್ತು ಕೊಳಲು ಹತ್ತು ಶ್ರುತಿಯಲ್ಲಿರುತ್ತವೆ. ಆಡಿಕೊಳ್ಳಲಿ, ಹಾಡಿನ ಜೊತೆ ಬೇಡ. ಒಂದು ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ ಕಂಜಿರ ಚೆನ್ನಾಗಿರುತ್ತದೆ, ಆದರೆ ಉಡದ ಚರ್ಮದ್ದು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಉಡ ಸಂರಕ್ಷಿತ ಪ್ರಾಣಿ, 1972ರ ಕಾಯ್ದೆ ಇದೆ. ಮೇಕೆ ಚರ್ಮದ್ದೋ ಫೈಬರ್‌ದೋ ಸಿಗುತ್ತದೆ, ಅದು ಸಾಕು. ಮಹದೇಶ್ವರನ ಭಕ್ತರ ಕಂಸಾಳೆಯಂತೂ ನಮ್ಮ ಕಡೆಯ ಹೆಮ್ಮೆ, ಆದರೆ ಅದು ಬಯಲಲ್ಲಿ ಕುಣಿತಕ್ಕೆ. ಕೋಣೆಯೊಳಗೆ ಮಕ್ಕಳ ದನಿ ಅದರ ಮುಂದೆ ನಿಲ್ಲುವುದಿಲ್ಲ.

ಅಂಗನವಾಡಿಯವರಿಗೆ ಏನೂ ಹೇಳಲಿಲ್ಲ ಅನ್ನಬೇಡಿ. ನಿಮಗೆ ರಾಗಿ ಗಿಲಕಿ. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಕಾಲು ಭಾಗ ರಾಗಿ ತುಂಬಿ. ಪೂರ್ತಿ ತುಂಬಿದರೆ ದನಿಯೇ ಬರುವುದಿಲ್ಲ. ರಾಗಿ ಹಾಕಿದರೆ ‘ಸರ್ ಸರ್’ ಅಂತ ಮೆತ್ತಗೆ ಇರುತ್ತದೆ, ಹುರುಳಿ ಹಾಕಿದರೆ ಸ್ವಲ್ಪ ಗಟ್ಟಿ, ಕಲ್ಲು ಹಾಕಿದರೆ ಬರೀ ಗಲಾಟೆ. ಮುಚ್ಚಳಕ್ಕೆ ಟೇಪ್ ಸುತ್ತಲೇಬೇಕು. ಆ ವಯಸ್ಸಿನ ಮಕ್ಕಳು ಕಾಳು ಸಿಕ್ಕರೆ ಮೂಗಿಗೋ ಕಿವಿಗೋ ಹಾಕಿಕೊಳ್ಳುತ್ತಾರೆ. ತೆಂಗಿನ ಚಿಪ್ಪು ನಮ್ಮಲ್ಲಿ ಬೇಕಾದಷ್ಟು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿ ಎರಡು ಹೋಳು ಕೊಡಿ. ಅದೂ ಒಂದು ಮಗುವಿಗೆ ಮಾತ್ರ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಕೊನೆಯದೊಂದು ಹೇಳಲೇಬೇಕು. ಏನೇ ಕೊಂಡರೂ ಬೀರುವಿನಲ್ಲಿ ಇಟ್ಟು ಕೀಲಿ ಹಾಕಬೇಡಿ. ತರಗತಿಯ ಗೋಡೆಗೆ ಒಂದು ಮೊಳೆ ಹೊಡೆಯಿರಿ, ಚಿಕ್ಕ ಮಗುವಿನ ಕೈಗೂ ಎಟುಕುವಷ್ಟು ತಗ್ಗಿನಲ್ಲಿ. ತಾಳವನ್ನು ಅಲ್ಲಿ ತೂಗುಹಾಕಿ.

ನಮಸ್ಕಾರ.