ಅದಿತಿ ಅಶೋಕ್: ವೃತ್ತಿಪರ ಗಾಲ್ಫ್ ಆಟಗಾರ್ತಿಯೊಬ್ಬರ ದಾರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕ್ರೀಡಾಭಿಮಾನಿಗಳೇ ಮತ್ತು ವಿದ್ಯಾರ್ಥಿ ಮಿತ್ರರೇ,

ಶಿವಮೊಗ್ಗದ ಸಭೆಯೊಂದರಲ್ಲಿ ಗಾಲ್ಫ್ ಕುರಿತು ಮಾತನಾಡುವ ಅವಕಾಶ ಸಿಕ್ಕಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ. ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ಸೀಮೆಯಲ್ಲಿ ಈ ಆಟದ ಪರಿಚಯ ಸ್ವಲ್ಪ ಮಟ್ಟಿಗೆ ಇದೆ. ಆದರೆ ಅಡಿಕೆ, ಭತ್ತ ಬೆಳೆಯುವ ನಮ್ಮ ಕಡೆಯ ಬಹುಪಾಲು ಜನರು ಗಾಲ್ಫ್ ಅನ್ನು ಗಮನವಿಟ್ಟು ನೋಡಿದ್ದು 2021ರ ಆಗಸ್ಟ್ 7ರ ಬೆಳಗ್ಗೆ, ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ಪದಕಕ್ಕಾಗಿ ಸೆಣಸುತ್ತಿದ್ದಾಗ. ಒಂದೇ ಒಂದು ಹೊಡೆತದ ಅಂತರದಲ್ಲಿ ಅವರು ನಾಲ್ಕನೆಯವರಾದರು. ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ದೇಶದ ಗಮನ ಅತ್ತ ಹೊರಳಿತು. ಅಂದಿನಿಂದ ಅದಿತಿಯವರ ಹೆಸರು ಬಂದಾಗಲೆಲ್ಲ 'ಪದಕ ತಪ್ಪಿಸಿಕೊಂಡ ಹುಡುಗಿ' ಎಂಬ ಮಾತೂ ಜೊತೆಗೇ ಬರುತ್ತದೆ. ಇದು ಅವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ವೃತ್ತಿಪರ ಗಾಲ್ಫ್ ಎಂಬ ಜೀವನೋಪಾಯ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ಆ ನಾಲ್ಕನೇ ಸ್ಥಾನವನ್ನು ಬೇರೆ ರೀತಿಯಲ್ಲೇ ನೋಡುತ್ತಾರೆ. ಇಂದಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು. ಮನೆಯಲ್ಲಿ ಗಾಲ್ಫ್ ಆಡುವವರು ಯಾರೂ ಇರಲಿಲ್ಲ. ಕುಟುಂಬ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸದ ಅಂಗಳ ಕಾಣುತ್ತಿತ್ತು. ಅಲ್ಲಿ ಚೆಂಡು ಹೊಡೆಯುವವರನ್ನು ಕಂಡು ಮಗುವಿಗೆ ಆಸೆ ಹುಟ್ಟಿತು, ತಂದೆ ತಾಯಿ ಕರೆದುಕೊಂಡು ಹೋದರು. ಆಗ ಆಕೆಗೆ ಐದಾರು ವರ್ಷ ಅಷ್ಟೆ. ಬೆಂಗಳೂರಿನಲ್ಲಿ ಹುಟ್ಟಿದ್ದು ಆಕೆಯ ಅದೃಷ್ಟವೇ ಸರಿ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. 1876ರಲ್ಲೇ ಗಾಲ್ಫ್ ಕ್ಲಬ್ ಆರಂಭವಾದ ಊರು ಅದು. ಹದಿನೆಂಟು ಗುಳಿಗಳ ಒಂದು ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ಜಾಗ ಬೇಕು, ವರ್ಷವಿಡೀ ನೀರು ಬೇಕು, ಆಡುವವರಿಗೆ ಸದಸ್ಯತ್ವ ಬೇಕು. ಹೀಗಾಗಿ ನಮ್ಮ ದೇಶದಲ್ಲಿ ಈ ಆಟಕ್ಕೆ ಬಂದವರಲ್ಲಿ ಒಂದು ವರ್ಗ ಕ್ಲಬ್ಬಿನ ಸದಸ್ಯರ ಮಕ್ಕಳಾದರೆ ಇನ್ನೊಂದು ವರ್ಗ ಅದೇ ಸದಸ್ಯರ ಚೀಲ ಹೊರುತ್ತಿದ್ದ ಕ್ಯಾಡಿಗಳು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್, ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ಅದಿತಿಯವರ ಕುಟುಂಬ ಈ ಎರಡೂ ವರ್ಗಕ್ಕೆ ಸೇರಿದ್ದಲ್ಲ. ಮಗಳ ಜೊತೆಯಲ್ಲೇ ಆಟ ಕಲಿತ ತಂದೆ ಅಶೋಕ್ ಮುಂದೆ ಆಕೆಯ ಕ್ಯಾಡಿಯೂ ಆದರು.

ಈಗ ವೃತ್ತಿಯ ವಿಷಯಕ್ಕೆ ಬರೋಣ. ಗಾಲ್ಫ್ ಆಟಗಾರರಿಗೆ ತಂಡವಿಲ್ಲ, ಮಂಡಳಿಯ ಗುತ್ತಿಗೆ ಇಲ್ಲ, ಸಂಬಳವಿಲ್ಲ. 'ಟೂರ್' ಎಂದು ಕರೆಯುವ ಪಂದ್ಯಾವಳಿಗಳ ಸರಣಿಯೊಂದರಲ್ಲಿ ಆಡುವ ಹಕ್ಕನ್ನು ಮೊದಲು ಗಳಿಸಬೇಕು, ಅದಕ್ಕೆ 'ಕಾರ್ಡ್' ಎನ್ನುತ್ತಾರೆ. ಕಾರ್ಡ್ ಕೊಡುವ ಅರ್ಹತಾ ಪರೀಕ್ಷೆಗೆ ಕ್ವಾಲಿಫೈಯಿಂಗ್ ಸ್ಕೂಲ್ ಎಂದು ಹೆಸರು, ಆದರೆ ಅಲ್ಲಿ ಪಾಠವೇನೂ ನಡೆಯುವುದಿಲ್ಲ. ದಿನವೂ ಹದಿನೆಂಟು ಗುಳಿ, ಹಲವು ದಿನ, ಕೊನೆಯಲ್ಲಿ ಮೇಲಿನ ಕೆಲವರಿಗೆ ಮಾತ್ರ ಮುಂದಿನ ವರ್ಷದ ಕೆಲಸ. ಕಾರ್ಡ್ ಸಿಕ್ಕಿತೆಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ. ಅಮೆರಿಕದ ಮಹಿಳಾ ಟೂರ್ ಆದ ಎಲ್‌ಪಿಜಿಎಯ ಬಹುತೇಕ ಪಂದ್ಯಾವಳಿಗಳು ನಾಲ್ಕು ದಿನದವು. ನೂರಕ್ಕೂ ಹೆಚ್ಚು ಆಟಗಾರ್ತಿಯರು ಗುರುವಾರ ಆಟ ಆರಂಭಿಸುತ್ತಾರೆ, ಶುಕ್ರವಾರ ಸಂಜೆಯ ಹೊತ್ತಿಗೆ 36 ಗುಳಿ ಮುಗಿದಾಗ ಸಾಮಾನ್ಯವಾಗಿ ಮೊದಲ 65 ಸ್ಥಾನದವರು ಮತ್ತು ಅವರ ಸಮಕ್ಕೆ ನಿಂತವರು ಮಾತ್ರ ಉಳಿಯುತ್ತಾರೆ. ಇದಕ್ಕೆ 'ಕಟ್' ಎನ್ನುತ್ತಾರೆ. ಕಟ್ ದಾಟದವರಿಗೆ ಸಾಮಾನ್ಯವಾಗಿ ಒಂದು ರೂಪಾಯಿ ಬಹುಮಾನವೂ ಸಿಗುವುದಿಲ್ಲ. ವಿಮಾನದ ಟಿಕೆಟ್, ಹೋಟೆಲು, ಊಟ, ಕ್ಯಾಡಿಯ ವಾರದ ಕೂಲಿ ಎಲ್ಲವೂ ಕೈಯಿಂದಲೇ ಹೋಗಿರುತ್ತವೆ. ಗೆದ್ದವರಿಗೆ ಒಟ್ಟು ಬಹುಮಾನದ ಶೇಕಡ 15ರಷ್ಟು ಬರುತ್ತದೆ, ಕೆಳಕ್ಕೆ ಇಳಿದಂತೆ ಅದು ಬಹುಬೇಗ ಕುಗ್ಗುತ್ತದೆ. ವರ್ಷದ ಕೊನೆಗೆ ಪಟ್ಟಿಯಲ್ಲಿ ಹಿಂದೆ ಬಿದ್ದರೆ ಕಾರ್ಡ್ ಹೋಗುತ್ತದೆ, ಮತ್ತೆ ಅರ್ಹತಾ ಪರೀಕ್ಷೆಯ ಬಾಗಿಲು ತಟ್ಟಬೇಕು. ಮಕ್ಕಳನ್ನು ಗಾಲ್ಫ್‌ಗೆ ಕಳಿಸುವ ಯೋಚನೆ ಇರುವ ತಂದೆ ತಾಯಂದಿರು ಮಿಂಚುವ ಟ್ರೋಫಿಯ ಚಿತ್ರಕ್ಕಿಂತ ಮೊದಲು ಈ ಶುಕ್ರವಾರದ ಲೆಕ್ಕವನ್ನು ಅರ್ಥ ಮಾಡಿಕೊಳ್ಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅದಿತಿ ಈ ಬಾಗಿಲನ್ನು ದಾಟಿದ್ದು ಹದಿನೇಳನೆಯ ವಯಸ್ಸಿನಲ್ಲಿ. 2015ರ ಡಿಸೆಂಬರಿನಲ್ಲಿ ಮೊರಾಕೊದಲ್ಲಿ ನಡೆದ ಮಹಿಳೆಯರ ಯುರೋಪಿಯನ್ ಟೂರ್‌ನ ಅರ್ಹತಾ ಪರೀಕ್ಷೆಯಲ್ಲಿ ಅವರು ಬರೀ ತೇರ್ಗಡೆಯಾಗಲಿಲ್ಲ, ಮೊದಲ ಸ್ಥಾನವನ್ನೇ ಪಡೆದರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. 2016 ಅವರ ವೃತ್ತಿಜೀವನದ ಮೊದಲ ವರ್ಷ. ಆ ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಎರಡು ದಿನ 68, 68 ಹೊಡೆದು ಮುಂಚೂಣಿಯಲ್ಲಿದ್ದರು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು), ಮೂರನೇ ದಿನ 79 ಆಯಿತು, ಕೊನೆಗೆ 41ನೇ ಸ್ಥಾನಕ್ಕೆ ಇಳಿದರು. ಹದಿನೆಂಟರ ಹುಡುಗಿಯ ಮನಸ್ಸು ಅಲ್ಲಿಗೇ ಮುದುಡಿ ಹೋಗಬಹುದಿತ್ತು. ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದು ಯುರೋಪಿಯನ್ ಟೂರ್‌ನ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಅದೇ ತಿಂಗಳು ಕತಾರ್‌ನಲ್ಲಿ ಎರಡನೆಯ ಪ್ರಶಸ್ತಿಯೂ ಬಂತು. ಆ ಸಾಲಿನ ಶ್ರೇಷ್ಠ ಹೊಸ ಆಟಗಾರ್ತಿ ಎಂಬ ಗೌರವವೂ ಅವರದಾಯಿತು. 2017ರಿಂದ ಎಲ್‌ಪಿಜಿಎ. ಅಲ್ಲಿ ಅವರಿಗಿಂತ ಮೊದಲು ಹೆಜ್ಜೆ ಇಟ್ಟಿದ್ದ ಭಾರತೀಯರು ಕೋಲ್ಕತ್ತಾದ ಸ್ಮೃತಿ ಮೆಹ್ರಾ. ಆ ಹಿರಿಯರ ಹೆಸರನ್ನು ಇಂದು ನೆನೆಯುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಎಲ್‌ಪಿಜಿಎಯಲ್ಲಿ ಅದಿತಿಯವರಿಗೆ ಎದುರಾದ ದೊಡ್ಡ ತೊಡಕು ದೂರದ್ದು. ನಾನೂರು ಗಜದ ಒಂದು ಗುಳಿಯನ್ನು ಊಹಿಸಿಕೊಳ್ಳಿ. ಬಲಿಷ್ಠ ಆಟಗಾರ್ತಿಯ ಮೊದಲ ಹೊಡೆತ 260 ಗಜ ಹೋದರೆ ಉಳಿಯುವುದು 140 ಗಜ. ಗಿಡ್ಡ ಕೋಲಿನಿಂದ ಎತ್ತರಕ್ಕೆ ಹೊಡೆದರೆ ಚೆಂಡು ಗ್ರೀನಿನ ಮೇಲೆ, ಅಂದರೆ ಗುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ, ಮೆತ್ತಗೆ ಇಳಿದು ನಿಲ್ಲುತ್ತದೆ. ಮೊದಲ ಹೊಡೆತ 220 ಗಜಕ್ಕೇ ಮುಗಿದರೆ ಉಳಿಯುವುದು 180. ಅಲ್ಲಿಂದ ಉದ್ದನೆಯ ಕೋಲೇ ಬೇಕು, ಚೆಂಡು ತಗ್ಗಿನಲ್ಲಿ ಹಾರುತ್ತದೆ, ನೆಲ ಮುಟ್ಟಿದ ಮೇಲೆ ಉರುಳಿಕೊಂಡು ಗ್ರೀನ್ ದಾಟಿ ಹೋಗುತ್ತದೆ. ಈ ಕೊರತೆಯನ್ನು ನಾಲ್ಕೂ ದಿನ, ಗುಳಿಗುಳಿಗೂ, ಬೇರೆಲ್ಲಾದರೂ ತುಂಬಿಕೊಳ್ಳಬೇಕು. ಅದಿತಿ ಅದನ್ನು ತುಂಬಿಕೊಂಡಿದ್ದು ಪಟ್ಟಿಂಗ್‌ನಲ್ಲಿ, ಅಂದರೆ ಗ್ರೀನಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಬೀಳಿಸುವ ಕೌಶಲದಲ್ಲಿ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಳಿಯ ಅಗಲ ನಾಲ್ಕೂಕಾಲು ಇಂಚು. ಆಟಗಾರ್ತಿ ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೆಲವನ್ನು ದಿಟ್ಟಿಸುತ್ತಾಳೆ, ಗುಳಿಯ ಆಚೆ ಬದಿಗೂ ಹೋಗಿ ನೋಡುತ್ತಾಳೆ, ನಡೆಯುವಾಗ ಪಾದಕ್ಕೆ ಸಿಗುವ ಇಳಿಜಾರನ್ನೂ ಗಮನಿಸುತ್ತಾಳೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವ ಹಿರಿಯರು ಯಾವ ಅಳತೆಯ ಉಪಕರಣವೂ ಇಲ್ಲದೆ ನೀರು ಎತ್ತ ಹೋಗುತ್ತದೆಂದು ನೆಲ ನೋಡಿಯೇ ಹೇಳುತ್ತಾರಲ್ಲ, ಅದೇ ಬಗೆಯ ಕಣ್ಣು ಇಲ್ಲಿಯೂ ಬೇಕು. ಚೆಂಡು ವೇಗವಾಗಿ ಉರುಳುವಾಗ ಇಳಿಜಾರು ಅದನ್ನು ಹೆಚ್ಚು ಎಳೆಯುವುದಿಲ್ಲ. ವೇಗ ಸತ್ತು ಗುಳಿಯ ಹತ್ತಿರ ಬಂದಾಗಲೇ ಅದು ಹೆಚ್ಚು ಬಾಗುತ್ತದೆ. ಆದ್ದರಿಂದ ದಿಕ್ಕು ಮತ್ತು ವೇಗ ಎರಡನ್ನೂ ಒಟ್ಟಿಗೇ ನಿರ್ಧರಿಸಬೇಕು. ಒಂದು ಬದಲಾದರೆ ಇನ್ನೊಂದೂ ಬದಲಾಗಲೇಬೇಕು.

ಮಣಿಕಟ್ಟಿನ ನಯದಿಂದ ಬಲವನ್ನು ಎದುರಿಸುವ ಆಟ ನಮ್ಮ ಜಿಲ್ಲೆಗೆ ಹೊಸದಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1975ರ ಜನವರಿಯಲ್ಲಿ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆ್ಯಂಡಿ ರಾಬರ್ಟ್ಸ್ ಅವರ ಬೌಲಿಂಗ್ ಎದುರಿಸಿ ಔಟಾಗದೆ 97 ರನ್ ಗಳಿಸಿದರು. ತಂಡದ ಒಟ್ಟು ಮೊತ್ತ 190. ಶತಕಕ್ಕೆ ಮೂರು ರನ್ ಕಡಿಮೆ ಬಿದ್ದವೆಂದು ಆ ಆಟವನ್ನು ಇಂದು ಯಾರೂ ಕೊರತೆಯ ಲೆಕ್ಕಕ್ಕೆ ಹಾಕುವುದಿಲ್ಲ. ಟೋಕಿಯೊದ ಆಟವನ್ನೂ ಅದೇ ಗೌರವದಿಂದ ನೋಡಬೇಕೆಂದು ನಾನು ಹೇಳುತ್ತಿರುವುದು.

ಟೋಕಿಯೊಗೆ ಹೋಗುವ ಕೆಲವೇ ವಾರಗಳ ಮೊದಲು ಅದಿತಿಯವರಿಗೆ ಕೋವಿಡ್ ಆಗಿತ್ತು. ಮೊದಲೇ ಕಡಿಮೆಯಿದ್ದ ದೂರ ಇನ್ನಷ್ಟು ಕುಗ್ಗಿತ್ತು. ವಿಶ್ವ ರ‍್ಯಾಂಕಿಂಗ್ ಸುಮಾರು 200. ಚೀಲ ಹೊತ್ತಿದ್ದವರು ತಾಯಿ ಮಹೇಶ್ವರಿ. ಕಸುಮಿಗಸೆಕಿ ಮೈದಾನದಲ್ಲಿ ಮೊದಲ ಮೂರು ದಿನ 67, 66, 68 ಹೊಡೆದು, ವಿಶ್ವದ ಅಗ್ರ ಆಟಗಾರ್ತಿ ನೆಲ್ಲಿ ಕೊರ್ಡಾ ನಂತರ ಎರಡನೇ ಸ್ಥಾನದಲ್ಲಿದ್ದರು. ಕೊನೆಯ ದಿನ ಅವರು ಕುಸಿದರೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅಂದು ಅವರು ಹೊಡೆದದ್ದು 68, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆಯಾದ ಪಾರ್‌ಗಿಂತ ಮೂರು ಕಡಿಮೆ. ಚಿನ್ನ ಗೆದ್ದ ಕೊರ್ಡಾ ಅವರೇ ಅಂದು 69 ಹೊಡೆದರು. ವ್ಯತ್ಯಾಸವಾದದ್ದು ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ಇಬ್ಬರೂ 65 ಹೊಡೆದಿದ್ದರಿಂದ. ಗುಡುಗು ಮಳೆಗೆ ಆಟ ನಿಂತು ಮತ್ತೆ ಆರಂಭವಾಯಿತು, ಕೊನೆಯ ಗುಳಿಯಲ್ಲಿ ಅದಿತಿಯವರಿಗೆ ಒಂದು ಬರ್ಡಿ, ಅಂದರೆ ಆ ಗುಳಿಯ ಪಾರ್‌ಗಿಂತ ಒಂದು ಹೊಡೆತ ಕಡಿಮೆ, ಬೇಕಿತ್ತು, ಉದ್ದದ ಆ ಪಟ್ ಗುಳಿಗೆ ಬೀಳಲಿಲ್ಲ. ನಾಲ್ಕು ದಿನಗಳ 269 ಹೊಡೆತ, ಪಾರ್‌ಗಿಂತ ಹದಿನೈದು ಕಡಿಮೆ. ಇನಾಮಿ ಮತ್ತು ಕೊ ಅವರದು 268.

ನಿಜವಾದ ಕುಸಿತವೂ ಅವರ ಬದುಕಿನಲ್ಲಿದೆ, ಅದನ್ನು ಬಿಟ್ಟು ಮಾತು ಮುಗಿಸುವಂತಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಮೂರನೇ ದಿನ 61 ಎಂಬ ಅದ್ಭುತ ಸುತ್ತು ಆಡಿ ಏಳು ಹೊಡೆತಗಳ ಮುನ್ನಡೆ ಪಡೆದಿದ್ದರು. ಮರುದಿನ 77. ಚಿನ್ನ ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಅವರ ಪಾಲಾಯಿತು. ಬೆಳ್ಳಿ ಗೆದ್ದ ಅದಿತಿ ಏಷ್ಯನ್ ಕ್ರೀಡಾಕೂಟದಲ್ಲಿ ಗಾಲ್ಫ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ. ಆ ಸೋಲಿನ ನೋವಿಗಿಂತ ನನ್ನನ್ನು ಹೆಚ್ಚು ತಟ್ಟುವುದು ಆ ವರ್ಷದ ಉಳಿದ ಭಾಗ. ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಗೆದ್ದಿದ್ದರು, ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಎಲ್‌ಪಿಜಿಎ ಪಂದ್ಯಾವಳಿಯಲ್ಲಿ ಸಮಕ್ಕೆ ನಿಂತವರ ನಡುವಿನ ನಿರ್ಣಾಯಕ ಆಟವಾದ ಪ್ಲೇ-ಆಫ್‌ವರೆಗೆ ಹೋಗಿ ಸೋತಿದ್ದರು. ಹಾಂಗ್‌ಝೌ ಮುಗಿದು ಎರಡು ತಿಂಗಳು ತುಂಬುವುದರೊಳಗೆ, ನವೆಂಬರಿನಲ್ಲಿ, ಸ್ಪೇನ್‌ನ ಆಂಡಲೂಸಿಯಾದಲ್ಲಿ ಯುರೋಪಿಯನ್ ಟೂರ್‌ನ ತಮ್ಮ ಐದನೆಯ ಪ್ರಶಸ್ತಿ ಗೆದ್ದರು. 77 ಹೊಡೆದ ಕೈಗಳೇ ಅಲ್ಲಿಯೂ ಪಟ್ಟಿಂಗ್‌ನ ಕೋಲಾದ ಪಟರ್ ಹಿಡಿದಿದ್ದವು. ಮರುವರ್ಷ ಪ್ಯಾರಿಸ್‌ನಲ್ಲಿ ಅವರದು ಮೂರನೆಯ ಒಲಿಂಪಿಕ್ಸ್, 29ನೇ ಸ್ಥಾನ.

ಈ ಊರಿನ ಹುಡುಗಿಯೊಬ್ಬಳಿಗೆ ಈ ದಾರಿ ತೆರೆದಿದೆಯೇ ಎಂದು ಸಂಘಟಕರು ನನ್ನನ್ನು ಮೊದಲೇ ಕೇಳಿದ್ದರು. ಮೈಸೂರಿನ ಪ್ರಣವಿ ಅರಸ್ ಅವರನ್ನು ನೋಡಿ ಎಂಬುದು ನನ್ನ ಉತ್ತರ. ಭಾರತೀಯ ಮಹಿಳಾ ಗಾಲ್ಫ್ ಸಂಸ್ಥೆ ನಡೆಸುವ ದೇಶೀಯ ವೃತ್ತಿಪರ ಟೂರ್‌ನಲ್ಲಿ ಗೆದ್ದು ಬೆಳೆದು ಅವರು ಯುರೋಪಿಯನ್ ಟೂರ್ ತಲುಪಿದರು. ಹಾಂಗ್‌ಝೌನಲ್ಲಿ ಅದಿತಿ ಮತ್ತು ಬೆಂಗಳೂರಿನ ಅವನಿ ಪ್ರಶಾಂತ್ ಜೊತೆ ತಂಡದಲ್ಲಿದ್ದ ಮೂರನೆಯವರು ಅವರೇ. ಅಂದರೆ ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರು. ದೇಶೀಯ ಟೂರ್‌ನ ಪಂದ್ಯಗಳು ಬೆಂಗಳೂರು ಮತ್ತು ಮೈಸೂರಿನಲ್ಲೂ ನಡೆಯುತ್ತವೆ. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಮುಂದಿನ ಪಂದ್ಯಕ್ಕೆ ನಾಲ್ಕಾರು ಮಕ್ಕಳನ್ನು ಕರೆದೊಯ್ಯುವುದಾದರೆ ನಾನೂ ಜೊತೆಗೆ ಬರಲು ಸಿದ್ಧ. ಹೋದವರು ಕಟ್ ನಿರ್ಧಾರವಾಗುವ ಸಂಜೆಯ ಅಂಕಪಟ್ಟಿಯ ಮುಂದೆ ನಿಂತಿರುವ ಆಟಗಾರ್ತಿಯರ ಜೊತೆ ಮಾತನಾಡಬೇಕು.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.