ಔಷಧಿ ಹಾಕಿದ್ರೂ ಚಿಗಟ ಯಾಕೆ ಹೋಗ್ತಿಲ್ಲ? ಬೆಕ್ಕು-ನಾಯಿ ಇರೋ ಮನೆಗೆ

ಬೆಕ್ಕಿನ ಬಾಲದ ಬುಡದಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬಾಚಿದಾಗ ಕಪ್ಪು ಪುಡಿ ಸಿಗಬಹುದು. ನೋಡೋಕೆ ಬರೀ ಧೂಳು. ಒದ್ದೆ ಟಿಶ್ಯೂ ಮೇಲೆ ಉದುರಿಸಿ ಒಂದು ನಿಮಿಷ ಬಿಡಿ. ಸುತ್ತ ಕೆಂಪು-ಕಂದು ಬಣ್ಣ ಹರಡ್ತು ಅಂದ್ರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಒಂದು ಚಿಗಟನೂ ಕಣ್ಣಿಗೆ ಬೀಳದಿದ್ರೂ ಚಿಕಿತ್ಸೆ ಶುರು ಮಾಡೋಕೆ ಇಷ್ಟು ಸಾಕು.

ಮೈಮೇಲೆ ಓಡಾಡೋ ದೊಡ್ಡ ಚಿಗಟ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಸುಮಾರು 5 ಮಾತ್ರ. ಮಿಕ್ಕಿದ್ದೆಲ್ಲ ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಸೋಫಾ ಸಂದಿ, ದಿವಾನದ ಕೆಳಗೆ, ಬಾಗಿಲ ಕಾಲೊರೆಸು, ನಾಯಿ ಮಲಗೋ ಗೋಣಿಚೀಲದಲ್ಲಿ ಇರುತ್ತೆ. ಗೂಡಿನೊಳಗಿರೋ ಹುಳುಗೆ ಸ್ಪ್ರೇ ತಾಗೋದೇ ಇಲ್ಲ. ತಿಂಗಳುಗಟ್ಟಲೆ ಕಾದು, ಯಾರಾದ್ರೂ ಓಡಾಡಿದ ಅದುರಿಗೆ, ಮೈ ಬಿಸಿಗೆ ಹೊರಗೆ ಬರುತ್ತೆ. ಔಷಧಿ ಹಾಕಿದ ಎರಡನೇ ವಾರ ಮತ್ತೆ ಚಿಗಟ ಕಂಡ್ರೆ ಔಷಧಿ ಕೆಟ್ಟಿದೆ ಅಂತಲ್ಲ, ಹೊಸ ಬ್ಯಾಚ್ ಎದ್ದಿದೆ ಅಷ್ಟೆ. ಮನೇಲಿರೋ ಎಲ್ಲಾ ಬೆಕ್ಕು, ನಾಯಿಗೂ ಒಟ್ಟಿಗೆ, ಕನಿಷ್ಠ ಮೂರು ತಿಂಗಳು ಹಾಕಿ. ಹಾಸಿಗೆ, ಹೊದಿಕೆನ 60 ಡಿಗ್ರಿ ಬಿಸಿ ನೀರಲ್ಲಿ ವಾರಕ್ಕೊಮ್ಮೆ ಒಗೀರಿ. ವ್ಯಾಕ್ಯೂಮ್ ಹಾಕಿದ್ರೆ ಅದರ ಕಸ ಆಗಿಂದಾಗ್ಲೇ ಕವರ್‌ಗೆ ಕಟ್ಟಿ ಹೊರಗೆ ಹಾಕಿ.

ಫಿಪ್ರೊನಿಲ್ ಸ್ಪಾಟ್-ಆನ್ (ಚರ್ಮದ ಮೇಲೆ ಹಿಂಡೋ ಚಿಗಟದ ಔಷಧಿ) ಹಾಕೋ ರೀತಿ ನೋಡಿ. ತಲೆಬುರುಡೆ ಕೆಳಗೆ, ಭುಜಗಳ ಮಧ್ಯ, ನಾಲಿಗೆಗೆ ಎಟುಕದ ಜಾಗದಲ್ಲಿ ಕೂದಲು ಬಿಡಿಸಿ. ಚರ್ಮ ಕಾಣಬೇಕು. ಟ್ಯೂಬ್ ತುದಿ ಚರ್ಮಕ್ಕೇ ತಾಗಿಸಿ ಹಿಂಡಿ. ಕೂದಲ ಮೇಲೆ ಬಿದ್ದಿದ್ದು ವೇಸ್ಟ್. ಇದು ಮೈ ಜಿಡ್ಡಿನ ಜೊತೆ ಹರಡೋ ಔಷಧಿ, ಅದಕ್ಕೇ ಹಿಂದೆ ಮುಂದೆ ಎರಡೆರಡು ದಿನ ಶಾಂಪೂ ಸ್ನಾನ ಬೇಡ. "ಚೆನ್ನಾಗಿ ಸ್ನಾನ ಮಾಡಿಸಿ ಹಾಕ್ದೆ, ಆದ್ರೂ ಕೆಲಸ ಮಾಡ್ಲಿಲ್ಲ" ಅನ್ನೋರು ತುಂಬಾ ಜನ ಇದಾರೆ. ತೊಂದರೆ ಆ ಸ್ನಾನದಲ್ಲೇ. 8 ವಾರ ತುಂಬದ ಮರಿಗೆ ಇದೂ ಬೇಡ. ಬಾಚಣಿಗೆ, ಪಕ್ಕದಲ್ಲಿ ಸೋಪು ನೀರಿನ ಲೋಟ, ದಿನಾ ಬಾಚಿ ಅದ್ದೋದು. ಒಸಡು ಬಿಳಿಚಿಕೊಂಡಿದ್ರೆ ರಕ್ತ ಕಮ್ಮಿಯಾಗಿದೆ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ನಾಯಿದು ಉಳೀತು ಅಂತ ಬೆಕ್ಕಿಗೆ ಹಾಕೋದು ಮಾತ್ರ ಬೇಡವೇ ಬೇಡ. ನಾಯಿ ಔಷಧಿಗಳಲ್ಲಿ ಎಷ್ಟೋ ಸಲ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಬೆಕ್ಕಿನ ಯಕೃತ್ತು ಅದನ್ನ ಒಡೆಯಲಾರದು. ಮೊದಲು ಕಿವಿ, ಮುಖ ಅದುರುತ್ತೆ, ಆಮೇಲೆ ಫಿಟ್ಸ್. ತಪ್ಪಿ ಬಿದ್ರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ತೊಳೆದು, ಟವಲ್‌ನಲ್ಲಿ ಸುತ್ತಿ ತಕ್ಷಣ ಆಸ್ಪತ್ರೆಗೆ. ನೆಲಕ್ಕೆ ಫಿನಾಯಿಲ್ ಹಾಕೋದೂ ಬೆಕ್ಕಿಗೆ ಒಳ್ಳೇದಲ್ಲ, ಪಂಜ ನೆಕ್ಕುತ್ತಲ್ಲ.

ಇನ್ನು ಲಾಡಿಹುಳು. ಗುದದ ಸುತ್ತ ಅಕ್ಕಿ ಕಾಳಿನಂಥ ಚೂರು ಅಂಟಿಕೊಂಡಿದ್ರೆ ಅದೇ. ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದ್ರಿಂದ ಬಂದಿರುತ್ತೆ. ಹಾಗಾಗಿ ಚಿಗಟ ಉಳಿಸಿಕೊಂಡು ಜಂತಿನ ಮಾತ್ರೆ ಕೊಟ್ರೆ ತಿಂಗಳಲ್ಲಿ ಮತ್ತೆ ಹಾಜರ್. ನಾಯಿಗೆ ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ 144, ಫೆಬಾಂಟೆಲ್ 150 ಮಿಲಿಗ್ರಾಂ ಇರೋ ಮಾತ್ರೆ 10 ಕೆಜಿಗೆ ಒಂದು. ತೂಕ ಅಂದಾಜು ಮಾಡಬೇಡಿ. ನಾಯಿ ಎತ್ಕೊಂಡು ತೂಕದ ಮಷೀನ್ ಹತ್ತಿ, ನಿಮ್ಮ ತೂಕ ಕಳೀರಿ. ಬೆಕ್ಕಿಗೆ ಬೇರೆ ಮಾತ್ರೆ ಇದೆ, ಅದು 4 ಕೆಜಿಗೆ ಒಂದು. ನಾಯಿಮರಿಗೆ ಎರಡನೇ ವಾರದಿಂದ, ಬೆಕ್ಕಿನ ಮರಿಗೆ ಮೂರನೇ ವಾರದಿಂದ ಜಂತಿನ ಔಷಧಿ ಶುರು. ಮರಿಗಳ ಸಿರಪ್ ಬೇರೆ, ಅಳತೆ ಡಾಕ್ಟರನ್ನ ಕೇಳಿ.

ಮೈಗೆ ಉಣ್ಣೆ (ಉಣುಗು) ಹಿಡಿದಿದ್ರೆ ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೀರಿ, ಸ್ಯಾನಿಟೈಸರ್‌ಗೆ ಹಾಕಿ. ಬೆರಳಲ್ಲಿ ಹೊಸಕಿ ಹಾಕಬೇಡಿ. ಹೊಟ್ಟೆ ತುಂಬಿದ ಹೆಣ್ಣು ಗೋಡೆ ಹತ್ತಿ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ನಾಯಿ ಗೂಡಿನ ಗೋಡೆ, ಬಾಗಿಲ ಚೌಕಟ್ಟಿನ ಬಿರುಕುಗಳಿಗೆ ಪುಟ್ಟಿ ತುಂಬಿ. ಇದರಿಂದ ಮಂಗನ ಕಾಯಿಲೆ ಬರುತ್ತಾ ಅಂತ ಮಲೆನಾಡಿನವರು ಕೇಳೋ ಪ್ರಶ್ನೆಗೆ ಇಲ್ಲೇ ಉತ್ತರ: ಮಂಗನ ಕಾಯಿಲೆ ಹರಡೋದು ಮುಖ್ಯವಾಗಿ ಕಾಡಿನ ಉಣ್ಣೆ, ಮನೆ ಗೋಡೆ ಹತ್ತೋ ಈ ಕಂದು ಉಣ್ಣೆ ಬೇರೆ ಜಾತಿ.

ಈ ಕಂದು ಉಣ್ಣೆ ನಾಯಿಗೆ ತರೋದು ಎರ್ಲಿಕಿಯಾ ಅನ್ನೋ ರಕ್ತದ ಸೋಂಕು. ಊಟ ಬಿಟ್ಟು ಮಂಕಾಗಿದ್ರೆ, ಜ್ವರ 103 ಫ್ಯಾರನ್‌ಹೀಟ್ ದಾಟಿದ್ರೆ, ಮೂಗಲ್ಲಿ ರಕ್ತ ಬಂದ್ರೆ ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿ. ಉಣ್ಣೆ ಕಂಡು ಎಷ್ಟು ದಿನ ಆಯ್ತು ಅನ್ನೋದನ್ನೂ ಡಾಕ್ಟರ್‌ಗೆ ಹೇಳಿ. ಈಗ ಮೈಮೇಲೆ ಒಂದೂ ಇಲ್ಲದಿದ್ರೂ ಹೇಳಿ.