ಪಿಯಾನೋ ಅಂದ್ರ ಶಾಸನ, ತಿಳೀತಾ?

ನಮಸ್ಕಾರ್ರಿ ಎಲ್ಲಾರಿಗೂ. ಹೋದ ಎಪಿಸೋಡಿಗೆ ಒಬ್ಬಾಂವ ಕಮೆಂಟ್ ಹಾಕ್ಯಾನ: "ಸಂಸ್ಕೃತಿ ಇತಿಹಾಸದ ಪ್ರೊಫೆಸರ್ ಅಂತ, ಸಂಜಿಮುಂದ ಪಿಯಾನೋ ಬಾರಿಸ್ಕೋತ ಕುಂದರ್ತಾರ. ಇದಕ್ಕ ಪಗಾರ ಕೊಡ್ತಾರೇನು?" ಹೌದೋ ತಮ್ಮಾ, ಇದಕ್ಕ ಕೊಡ್ತಾರ!

ಹಳಗನ್ನಡದ ಕಲ್ಲು ಓದಿದ್ರ ಶಾಣ್ಯಾ, ಪಿಯಾನೋ ಓದಿದ್ರ ಚೈನಿ? ಪಿಯಾನೋನೂ ಶಾಸನನ. ಹಳೇದೊಂದರ ಮುಚ್ಚಳ ತಗದು ನೋಡ್ರಿ. ಬಿಳಿ ಕೀ ಮ್ಯಾಲ, ಕರಿ ಕೀ ಮುಗಿಯೋ ಜಾಗಾದಾಗ ಅಡ್ಡಕ ಕೂದಲೆಳಿಯಂಥ ಗೆರಿ ಕಂಡ್ರ ಅದು ಆನಿ ದಂತ. ಎರಡು ತುಣುಕು ಜೋಡಿಸಿ ಅಂಟಿಸಿರ್ತಾರ. ಪ್ಲಾಸ್ಟಿಕ್ಕಿಗೆ ಆ ಗೆರಿ ಇರಂಗಿಲ್ಲ. ಆಫ್ರಿಕಾದ ಬೇಟಿ, ಹಡಗು, ವ್ಯಾಪಾರ, ಎಲ್ಲಾ ಆ ಗೆರ್ಯಾಗ ಕುಂತಾವ. ಒಳಗ ಸುಮಾರು 230 ತಂತಿ, ಎಲ್ಲಾ ಕೂಡಿ 18-20 ಟನ್ ಜಗ್ತಾವ. ಬರೇ ಕಟ್ಟಿಗಿ ತಡಿಯೂ ಮಾತಲ್ಲ. ಅದಕ್ಕ 1825ರಾಗ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ತಗೊಂಡ. ಶಾಸನ ಅಂದ್ರ ಮತ್ತೇನ್ರಿ?

"ಪಿಯಾನೋ ಬ್ರಿಟಿಷರದು" ಅಂತೀ. ಮಾಡಿದಾಂವ ಫ್ಲಾರೆನ್ಸಿನ ಕ್ರಿಸ್ಟೊಫೊರಿ, 1700ರ ಸುಮಾರು. ನಿಮ್ಮ ಭಜನಿ ಮಂಡಳಿ ಪೇಟಿ, ಅಂದ್ರ ಹಾರ್ಮೋನಿಯಂ, ಐತಲ್ಲ, ಅದರ ಮೂಲ ಪ್ಯಾರಿಸ್ಸಿನ ದೆಬೆನ್, 1842ರ ಪೇಟೆಂಟ್. ಏಕಾದಶಿಗೆ ಅದನ್ನ ಪ್ಯಾರಿಸ್ಸಿಗೆ ಪಾರ್ಸಲ್ ಮಾಡ್ತೀಯೇನು?

ಈಗ ಖರೇ ಮಾತಿಗೆ ಬರ್ತೀನಿ. ಆಕಾಶವಾಣಿ 1940ರಾಗ ಹಾರ್ಮೋನಿಯಂ ಬಂದ್ ಮಾಡ್ತು, 1971ರ ತನಕ. ಯಾಕ? ಬೋರ್ಡ್ ಮ್ಯಾಲ ಬರದ್ರ ಹುಡುಗರು ಐದು ಮಾರ್ಕಿಗೆ ಬಾಯಿಪಾಠ ಮಾಡ್ತಾರ. ಪಿಯಾನೋದ ಒಂದು ಸ್ವರಕ್ಕ ತಂಬೂರಿ ಷಡ್ಜ ಕೂಡಿಸಿ, ಅಲ್ಲಿಂದ ಗಾಂಧಾರ ಒತ್ತಿ ಹಿಡೀರಿ. ತಂಬೂರಿ ಒಳಗಿಂದ ಹುಟ್ಟೋ ಗಾಂಧಾರಕ್ಕಿಂತ ಪಿಯಾನೋದ್ದು 14 ಸೆಂಟ್ ಏರು, ಅಂದ್ರ ಬಾಜೂಬಾಜೂ ಎರಡು ಸ್ವರದ ನಡುವಿನ ಅಂತರಾನ ನೂರು ಪಾಲು ಮಾಡಿದ್ರ ಅದರಾಗ 14. ಎರಡೂ ತಿಕ್ಕಾಡಿ ದನಿ ಅಲುಗಾಡತೈತಿ. ಹನ್ನೆರಡು ಸ್ವರ ಸಮ ಅಂತರದಾಗ ಕೂಡ್ರಿಸಿದ್ದರ ಫಲ ಅದು. ಪೇಟಿಗೂ ಅದೇ ರೋಗ, ಮ್ಯಾಲ ಮೀಂಡ್, ಅಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರೂದು, ಬರೂದಿಲ್ಲ. ಅರ್ಧ ನಿಮಿಷದಾಗ ಕಿವಿಗೇ ತಿಳೀತು! ನುಡಿಸಲಿಕ್ಕೆ ಬರದಾಂವ ಇದನ್ನ ಹೆಂಗ ತೋರಸ್ಬೇಕು, ಡಸ್ಟರಿನಿಂದ?

ಹಾಂ, ಮನ್ಯಾಗ ಪಿಯಾನೋ ಇದ್ದೋರು ಕೇಳ್ರಿ. ಬೆಳಗಾವಿ ಜಡಿಮಳಿಗೆ ಒಳಗಿನ ನಾದದ ಹಲಗಿ ಉಬ್ಬಿ ಶ್ರುತಿ ಏರತೈತಿ, ಬಾಗಲಕೋಟಿ ಬ್ಯಾಸಗಿಗೆ ಒಣಗಿ ಇಳೀತೈತಿ. ಮಳಿ ಹತ್ತಿದ ಮೊದಲನೇ ವಾರ ಶ್ರುತಿ ಮಾಡಿಸಬ್ಯಾಡ್ರಿ, ಹಲಗಿ ಇನ್ನೂ ಉಬ್ಬತಿರತೈತಿ, ರೊಕ್ಕ ನೀರಪಾಲು. ತೇವಾಂಶದ ಮೀಟರ್ ನೂರಕ್ಕ 40-50ರಾಗ ಇರ್ಲಿ.

"ಪಕ್ಕದ ಮನಿಗೆ ತ್ರಾಸ" ಅಂದ್ಯೋ? ನಿಂತ ಪಿಯಾನೋದ (ತಂತಿ ಅಡ್ಡ ಇರದ ನೆಟ್ಟಗ ನಿಂತಿರೋ ಅಪ್‌ರೈಟ್) ನಡುವಿನ ಪೆಡಲ್ ಬಹಳಷ್ಟರಾಗ ಸುತ್ತಿಗಿ-ತಂತಿ ನಡುವ ಫೆಲ್ಟ್ ಇಳಸತೈತಿ, ದನಿ ಪಿಸುಮಾತು. ಮುಂದ?

ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹಿ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ರಾಜಾ ನುಡಿಸಿದ್ರ ರಸಿಕ, ಪ್ರೊಫೆಸರ್ ನುಡಿಸಿದ್ರ ಕಾಮಚೋರ! ಶಾಸನ ಅಂದ್ನೆಲ್ಲ? ಶಾಸನ ಅಂದ್ರ ಶಾಸನ! ನುಡಿಸ್ತಾರ, ಏನೀಗ?

ಸಬ್‌ಸ್ಕ್ರೈಬ್ ಮಾಡ್ರಿ, ಬೆಲ್ ಒತ್ರಿ. ಅದೂ ಶ್ರುತಿಯಾಗ ಇಲ್ಲ ಬಿಡ್ರಿ.